ದೂರ ಹಾರಲೆಂದೇ ಕಟ್ಟಿದ ಟ್ರೈಕ್

ಟ್ರೈಕ್ ಅನ್ನುವ ಪುಟ್ಟ ಹಾರುವ ಯಂತ್ರ ಕಟ್ಟಬೇಕು ಅಂತ ಬಂದು ಕೇಳುವವರಿಗೆ ನಾನು ಮೊದಲು ಹಾಕುವ ಪ್ರಶ್ನೆ ಒಂದೇ. ಎಷ್ಟು ದೂರ ಹೋಗಬೇಕು ಅಂದುಕೊಂಡಿದ್ದೀರಿ? ಸಂಜೆ ಹೊತ್ತು ಏರ್‌ಫೀಲ್ಡ್ ಸುತ್ತ ಒಂದು ಸುತ್ತು ಹಾಕಿ ಇಳಿಯುವುದಾದರೆ ಒಂದು ಬಗೆಯ ಯಂತ್ರ ಸಾಕು. ಇಬ್ಬರು ಕೂತು, ಬಟ್ಟೆಬರೆ ಕಟ್ಟಿಕೊಂಡು, ಇನ್ನೊಂದು ಊರಲ್ಲಿ ರಾತ್ರಿ ಕಳೆದು ವಾಪಸ್ ಬರಬೇಕು ಅಂದರೆ ಬೇರೆಯೇ ಯಂತ್ರ ಬೇಕು. ಕ್ಯಾಲಿಫೋರ್ನಿಯಾದ ಟ್ರೇಸಿಯಲ್ಲಿ, ನಮ್ಮ ಮನೆಯ ಗ್ಯಾರೇಜಿನಲ್ಲಿ ನಾನು ಕಟ್ಟಿದ್ದು ಎರಡನೆಯ ಬಗೆಯದನ್ನು. ದೂರ ಅನ್ನುವುದು ಹಾರುವ ದಿನ ಶುರುವಾಗುವುದಿಲ್ಲ. ಬಿಡಿಭಾಗಗಳ ಕಿಟ್ ಆರ್ಡರ್ ಮಾಡುವ ದಿನವೇ ಶುರುವಾಗುತ್ತದೆ.

ಟ್ರೈಕ್ ನೋಡದವರಿಗೆ ಸ್ವಲ್ಪ ವಿವರ ಹೇಳುತ್ತೇನೆ. ಮೇಲೆ ಹ್ಯಾಂಗ್ ಗ್ಲೈಡರ್‌ನಂಥ ತ್ರಿಕೋನದ ಬಟ್ಟೆ ರೆಕ್ಕೆ. ಕೆಳಗೆ ಮೂರು ಗಾಲಿಯ ಗಾಡಿ. ಅದರಲ್ಲಿ ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಸೀಟು, ಅದರ ಹಿಂದೆ ಎಂಜಿನ್, ಕೊನೆಗೆ ಮುಂದಕ್ಕೆ ನೂಕುವ ಪ್ರೊಪೆಲ್ಲರ್. ಬಾಲ ಇಲ್ಲ, ರಡ್ಡರ್ ಇಲ್ಲ. ಇಡೀ ಗಾಡಿ ರೆಕ್ಕೆಯಿಂದ ಒಂದೇ ಬೋಲ್ಟಿನಲ್ಲಿ ತೂಗುತ್ತಿರುತ್ತದೆ. ಪೈಲಟ್ ಮುಂದೆ ಒಂದು ಅಡ್ಡ ಸರಳು ಇರುತ್ತದೆ. ಅದನ್ನು ಮುಂದಕ್ಕೆ ತಳ್ಳಿದರೆ ಮೂಗು ಮೇಲೇಳುತ್ತದೆ, ವೇಗ ಇಳಿಯುತ್ತದೆ. ಎದೆಯ ಕಡೆಗೆ ಎಳೆದರೆ ವೇಗ ಏರುತ್ತದೆ. ಬಲಕ್ಕೆ ಸರಿಸಿದರೆ ಎಡಕ್ಕೆ ತಿರುಗುತ್ತದೆ. ನಮ್ಮ ತೂಕವನ್ನೇ ಆಚೀಚೆ ಸರಿಸಿ ಹಾರುವುದು, ಅಷ್ಟೇ.

ಈ ರೆಕ್ಕೆಯ ಮೂಲ ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ರೊಗಾಲೊ ಅವರದ್ದು. 1948ರಲ್ಲಿ ಅವರ ಹೆಂಡತಿ ಗರ್ಟ್ರೂಡ್ ಅಡುಗೆಮನೆಯ ಕರ್ಟನ್ ಬಟ್ಟೆಯಲ್ಲೇ ಮೊದಲ ಮಾದರಿಯನ್ನು ಹೊಲಿದಿದ್ದರು. ಅದೇ ಬಗೆಯ ಬಟ್ಟೆ ರೆಕ್ಕೆಯ ಕೆಳಗೆ ಕೂತು 1998ರಲ್ಲಿ ಬ್ರಿಟನ್ನಿನ ಬ್ರಯಾನ್ ಮಿಲ್ಟನ್ 120 ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದರು. 2000ದಲ್ಲಿ ಕಾಲಿನ್ ಬೋಡಿಲ್ 99 ದಿನಗಳಲ್ಲಿ ಒಬ್ಬರೇ ಸುತ್ತಿದರು. ಇಬ್ಬರದೂ ಎರಡು ಸೀಟಿನ ಮಾದರಿಯ ಟ್ರೈಕ್. ಇಬ್ಬರದೂ ರೋಟ್ಯಾಕ್ಸ್ ಕಂಪನಿಯ 912 ಎಂಜಿನ್. ನಾನು ಎಂಜಿನ್ ಆರಿಸುವಾಗ ಇದು ಮನಸ್ಸಿನಲ್ಲಿತ್ತು.

ಬೆಂಗಳೂರಿನವರಿಗೆ ಮೈಕ್ರೋಲೈಟ್, ಅಂದರೆ ಇಂಥ ಹಗುರ ವಿಮಾನ, ಹೊಸದೇನಲ್ಲ. ಜಕ್ಕೂರಿನ ಕಡೆ ಓಡಾಡಿದವರು ತಲೆ ಎತ್ತಿ ನೋಡಿಯೇ ಇರುತ್ತಾರೆ. ಬೆಂಗಳೂರಿನ ರಾಜ್ ಹಂಸ ಸಂಸ್ಥೆ ತಯಾರಿಸಿದ ಎಕ್ಸ್-ಏರ್ ಕಿಟ್‌ಗಳನ್ನು ಹೊರದೇಶಗಳಲ್ಲಿ ಎಷ್ಟೋ ಹವ್ಯಾಸಿಗಳು ಮನೆಯಲ್ಲೇ ಜೋಡಿಸಿ ಹಾರಿಸಿದ್ದಾರೆ. ಇದನ್ನು ಇಲ್ಲಿನ ಗೆಳೆಯರಿಗೆ ಹೇಳುವಾಗ ನನಗೆ ಈಗಲೂ ಹೆಮ್ಮೆ.

ಕಟ್ಟುವ ಮೊದಲು ಹಾರಲು ಕಲಿತೆ. ಕಟ್ಟಿ ಮುಗಿಸಿದ ಮೇಲೆ ಕಲಿಯೋಣ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಏನು ಬೇಕು ಅಂತ ಗೊತ್ತಾಗುವುದೇ ಗಾಳಿಯಲ್ಲಿ. ಇಲ್ಲಿ ಅಮೆರಿಕದಲ್ಲಿ ಟ್ರೈಕ್‌ಗೆ ಸ್ಪೋರ್ಟ್ ಪೈಲಟ್ ಲೈಸೆನ್ಸ್ ಸಾಕು. ನಿಯಮದ ಪ್ರಕಾರ ಕನಿಷ್ಠ 20 ಗಂಟೆ ಹಾರಾಟ, ಅದರಲ್ಲಿ 15 ಗಂಟೆ ಶಿಕ್ಷಕರ ಜೊತೆ, 5 ಗಂಟೆ ಒಂಟಿಯಾಗಿ. ಆರೋಗ್ಯದ ವಿಷಯಕ್ಕೆ ಸಾಮಾನ್ಯವಾಗಿ ಕಾರಿನ ಡ್ರೈವಿಂಗ್ ಲೈಸೆನ್ಸೇ ಸಾಕಾಗುತ್ತದೆ. ತರಬೇತಿಯ ಟ್ರೈಕ್‌ನಲ್ಲಿ ದೊಡ್ಡ ರೆಕ್ಕೆ ಇತ್ತು. ನಿಧಾನಕ್ಕೆ ಏಳುತ್ತಿತ್ತು, ನಿಧಾನಕ್ಕೆ ಇಳಿಯುತ್ತಿತ್ತು, ಕಲಿಯುವವರಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ಬೆಳಿಗ್ಗೆ ಹತ್ತು ಗಂಟೆ ದಾಟಿ ಬಿಸಿಗಾಳಿ ಏಳುತ್ತಿದ್ದಂತೆ ಆ ರೆಕ್ಕೆಯ ಜೊತೆ ಗುದ್ದಾಡಿ ತೋಳು ಸೋಲುತ್ತಿತ್ತು. ದೂರದ ಹಾರಾಟಕ್ಕೆ ಚಿಕ್ಕ ರೆಕ್ಕೆ ಬೇಕು ಅಂತ ಗೊತ್ತಾಗಿದ್ದು ಆಗಲೇ. ಚಿಕ್ಕ ರೆಕ್ಕೆ ವೇಗವಾಗಿ ಹೋಗುತ್ತದೆ, ಗಾಳಿಯ ಏಟನ್ನು ಕಡಿಮೆ ತಿನ್ನುತ್ತದೆ. ಬದಲಿಗೆ ಇಳಿಯುವ ವೇಗ ಜಾಸ್ತಿ, ರನ್‌ವೇ ಉದ್ದ ಬೇಕು. ನಾನು ಮಧ್ಯಮ ಅಳತೆಯದನ್ನು ಆರಿಸಿದೆ. ಇಬ್ಬರ ತೂಕ ಹೊತ್ತು ಬೇಸಿಗೆಯ ಬಿಸಿಯಲ್ಲೂ ಮೇಲೇಳಬೇಕಲ್ವಾ.

ಎಂಜಿನ್ ವಿಷಯದಲ್ಲಿ ಗ್ಯಾರೇಜಿನಲ್ಲಿ ಚರ್ಚೆಗೆ ಕೊನೆಯೇ ಇರಲಿಲ್ಲ. ರೋಟ್ಯಾಕ್ಸ್ 582 ಟೂ-ಸ್ಟ್ರೋಕ್, 64 ಕುದುರೆಶಕ್ತಿ, ಹಗುರ, ಅಗ್ಗ. 912 ಫೋರ್-ಸ್ಟ್ರೋಕ್, 80 ಕುದುರೆಶಕ್ತಿ, ಭಾರ, ಬೆಲೆಯಂತೂ ಬಹಳ ಜಾಸ್ತಿ. ಆದರೆ 582ನ್ನು 300 ಗಂಟೆಗೇ ಬಿಚ್ಚಿ ಓವರ್‌ಹಾಲ್ ಮಾಡಬೇಕು. ಈಗಿನ 912ಕ್ಕೆ ಆ ಗಡುವು 2000 ಗಂಟೆ. ಅದು ಕುಡಿಯುವ ಪೆಟ್ರೋಲೂ ಕಡಿಮೆ. ನಮ್ಮ ಟ್ರೈಕ್‌ನಲ್ಲಿ ಹದವಾದ ವೇಗದಲ್ಲಿ ಗಂಟೆಗೆ ಸುಮಾರು 13 ಲೀಟರ್. ಟ್ಯಾಂಕ್ 55 ಲೀಟರಿನದು. ಕೊನೆಯ ಒಂದು ಗಂಟೆಯ ಪೆಟ್ರೋಲನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಗಲಿನ ಹಾರಾಟಕ್ಕೆ 30 ನಿಮಿಷದ ಪೆಟ್ರೋಲ್ ಉಳಿದರೆ ಸಾಕು ಅನ್ನುತ್ತದೆ ನಿಯಮ. ಎದುರುಗಾಳಿಗೆ ಆ ನಿಯಮ ಗೊತ್ತಿಲ್ಲವಲ್ಲ, ಅದಕ್ಕೆ ಒಂದು ಗಂಟೆ.

ಅಮೆರಿಕದಲ್ಲಿ ಹವ್ಯಾಸಿಗಳು ಕಟ್ಟುವ ವಿಮಾನಕ್ಕೆ ಒಂದು ಮುಖ್ಯ ಷರತ್ತಿದೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ ಕಟ್ಟುವವರೇ ಮಾಡಿರಬೇಕು. ದುಡ್ಡು ಕೊಟ್ಟು ಮಾಡಿಸಿದ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕಾಗಿ ಪ್ರತಿ ಕೆಲಸದ ಫೋಟೋ, ತಾರೀಖು, ಬಳಸಿದ ಬೋಲ್ಟಿನ ನಂಬರ್ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಬರೆಯುವುದು ಬೇಸರದ ಕೆಲಸ ಅಂತ ಹಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಯಾವ ಬೋಲ್ಟನ್ನು ಎಷ್ಟು ಟಾರ್ಕ್‌ಗೆ, ಅಂದರೆ ಎಷ್ಟು ತಿರುಚುವ ಬಲಕ್ಕೆ, ಬಿಗಿದೆ ಅಂತ ಬರೆಯುವಾಗ ಆ ಬೋಲ್ಟು ತಲೆಯಲ್ಲಿ ಕೂತುಬಿಡುತ್ತದೆ.

ಗಾಡಿಯ ಚೌಕಟ್ಟು ಬೇಗ ಮುಗಿಯಿತು. ಅಲ್ಯೂಮಿನಿಯಂ ಪೈಪು, ತೂತು, ಬುಷ್, ಬೋಲ್ಟು. ಪೈಪನ್ನು ಅಡ್ಡಕ್ಕೆ ತೂರಿ ಹೋಗುವ ಬೋಲ್ಟನ್ನು ಜಾಸ್ತಿ ಬಿಗಿದರೆ ಪೈಪು ಚಪ್ಪಟೆಯಾಗುತ್ತದೆ. ಅದಕ್ಕೇ ಟಾರ್ಕ್ ರೆಂಚ್ ಕೈಯಿಂದ ಇಳಿಸುವ ಹಾಗಿಲ್ಲ. ಬಿಗಿದ ಮೇಲೆ ನಟ್ಟಿನಿಂದ ಬೋಲ್ಟಿನವರೆಗೆ ಬಣ್ಣದ ಒಂದು ಸಣ್ಣ ಗೆರೆ ಎಳೆಯಬೇಕು. ಮುಂದೆ ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಒಡೆಯುತ್ತದೆ, ಕಣ್ಣಿಗೆ ಬೀಳುತ್ತದೆ. ಈಗಲೂ ಪ್ರತಿ ಹಾರಾಟಕ್ಕೆ ಮೊದಲು ನಾನು ಓದುವುದು ಈ ಗೆರೆಗಳನ್ನೇ.

ಎಂಜಿನ್ ಕೂರಿಸುವ ಹೊತ್ತಿಗೆ ನಮ್ಮ ಮಾವ ಬೆಂಗಳೂರಿನಿಂದ ಬಂದಿದ್ದರು. ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದವರು. ಮೊದಲೆರಡು ದಿನ ಗ್ಯಾರೇಜಿನ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಸುಮ್ನೆ ನೋಡುತ್ತಿದ್ದರು. ಗೇರ್‌ಬಾಕ್ಸಿನ ಹತ್ತಿರ ಆಯಿಲ್‌ನಲ್ಲಿನ ಲೋಹದ ಚೂರು ಹಿಡಿಯುವ ಮ್ಯಾಗ್ನೆಟಿಕ್ ಪ್ಲಗ್‌ಗೆ ಲಾಕ್‌ವೈರ್ (ಅದು ಸಡಿಲವಾಗದಂತೆ ತಡೆಯುವ ತಂತಿ) ಹಾಕುವ ದಿನ ಲೋಟ ಕೆಳಗಿಟ್ಟು ಹತ್ತಿರ ಬಂದರು. "ಅಳಿಯಂದ್ರೇ, ವೈರು ಯಾವ ಕಡೆ ಎಳೀತದೆ ಅಂತ ಮೊದಲು ನೋಡ್ಕೊಳ್ಳಿ. ಪ್ಲಗ್ಗು ಸಡಿಲ ಆಗೋಕೆ ಹೊರಟ್ರೆ ವೈರು ಅದನ್ನ ಬಿಗಿ ಮಾಡೋ ಕಡೆಗೇ ಜಗ್ಗಬೇಕು" ಅಂದರು. ಪ್ಲೈಯರ್ ತೆಗೆದುಕೊಂಡು ಮಾಡಿ ತೋರಿಸಿದರು. 0.032 ಇಂಚಿನ ವೈರಿಗೆ ಇಂಚಿಗೆ 6ರಿಂದ 8 ಸುತ್ತು. ಅದಕ್ಕಿಂತ ಕಡಿಮೆಯಾದರೆ ಸಡಿಲ, ಜಾಸ್ತಿಯಾದರೆ ವೈರಿಗೇ ಪೆಟ್ಟು. ಕೊನೆಯ ತುದಿಯನ್ನು ಒಳಕ್ಕೆ ಮಡಚಿ ಬೆರಳು ಸವರಿ ನೋಡಿದರು. ಮುಂದೆ ಆ ಜಾಗಕ್ಕೆ ಕೈ ಹಾಕುವವನಿಗೆ ಚುಚ್ಚಬಾರದು ಅಂತ.

ಎಕ್ಸಾಸ್ಟ್ ಪೈಪು ಹಿಡಿದಿಡುವ ಸ್ಪ್ರಿಂಗುಗಳಿಗೂ ಅವರೇ ವೈರು ಹಾಕಿಸಿದರು. ಟ್ರೈಕ್‌ನಲ್ಲಿ ಪ್ರೊಪೆಲ್ಲರ್ ಎಲ್ಲಕ್ಕಿಂತ ಹಿಂದಿರುತ್ತದೆ. ಮುಂದಿನಿಂದ ಏನು ಕಳಚಿದರೂ ಹೋಗಿ ಬಡಿಯುವುದು ಅದಕ್ಕೇ. ಒಂದು ಸ್ಪ್ರಿಂಗ್, ಒಂದು ಕೈಗವಸು, ಒಂದು ಮೊಬೈಲ್, ಯಾವುದಾದರೂ ಸರಿ, ಬ್ಲೇಡು ಮುರಿಯಲು ಸಾಕು. ನಮ್ಮ ಟ್ರೈಕ್‌ನಲ್ಲಿ ದಾರ ಕಟ್ಟದ ವಸ್ತುವೇ ಇಲ್ಲ.

ರೆಕ್ಕೆಯ ಕೆಲಸ ಮಾತ್ರ ನಿಧಾನ. ಮಡಚಿದ ರೆಕ್ಕೆ ಗ್ಯಾರೇಜಿನಲ್ಲಿ ಮೂಲೆಯಿಂದ ಮೂಲೆಗೆ ಹಿಡಿಸಿತು. ಬಿಚ್ಚಿದರೆ 10 ಮೀಟರ್, ಹಾಗಾಗಿ ಜೋಡಣೆಗೆ ಬಯಲಿಗೇ ಹೋಗಬೇಕು. ಬಟ್ಟೆ ಹೊಲಿದೇ ಬರುತ್ತದೆ. ಅದರೊಳಗೆ ತೂರಿಸುವ ಬ್ಯಾಟನ್ ಅನ್ನುವ ಬಾಗಿದ ಅಲ್ಯೂಮಿನಿಯಂ ಕಡ್ಡಿಗಳೇ ರೆಕ್ಕೆಗೆ ಆಕಾರ ಕೊಡುವುದು. ಕಿಟ್ ಜೊತೆ ಪ್ರತಿ ಕಡ್ಡಿಯ ಬಾಗನ್ನು ನಿಜ ಅಳತೆಯಲ್ಲಿ ಬರೆದ ಕಾಗದ ಇರುತ್ತದೆ. ಕಾಗದವನ್ನು ನೆಲಕ್ಕೆ ಅಂಟಿಸಿ, ಕಡ್ಡಿಯನ್ನು ಅದರ ಮೇಲಿಟ್ಟು, ಗೆರೆಯಿಂದ ಎಲ್ಲಿ ಆಚೆ ಹೋಗಿದೆ ನೋಡಿ, ಮೊಣಕಾಲಿಗೆ ಆನಿಸಿ ಮೆಲ್ಲಗೆ ಬಗ್ಗಿಸಬೇಕು. ಮತ್ತೆ ಇಟ್ಟು ನೋಡಬೇಕು. ಎಡದ್ದೂ ಬಲದ್ದೂ ಜೋಡಿ ಜೋಡಿಯಾಗಿ ಹೊಂದಬೇಕು. ಇಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ರೆಕ್ಕೆ ಒಂದು ಪಕ್ಕಕ್ಕೆ ಎಳೆಯುತ್ತದೆ. ಹತ್ತು ನಿಮಿಷದ ಹಾರಾಟದಲ್ಲಿ ಅದು ಗೊತ್ತೂ ಆಗುವುದಿಲ್ಲ. ಎರಡು ಗಂಟೆ ಆ ಎಳೆತವನ್ನು ತಡೆದು ಹಿಡಿದರೆ ಭುಜ ಹೇಳುತ್ತದೆ. ಹಾಗಾಗಿ ಈ ಕೆಲಸವನ್ನು ರಾತ್ರಿ ಮಕ್ಕಳು ಮಲಗಿದ ಮೇಲೆ, ಅವಸರವಿಲ್ಲದೆ ಮಾಡಿದೆ. ಕಟ್ಟುವ ಕೆಲಸದಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದದ್ದು ಇದೇ.

ಗಾಡಿಯನ್ನು ರೆಕ್ಕೆಗೆ ತೂಗುಹಾಕುವ ಹ್ಯಾಂಗ್ ಬೋಲ್ಟ್ ಬಗ್ಗೆ ಕೇಳಿದವರೆಲ್ಲ ಹೆದರುತ್ತಾರೆ. ಒಂದೇ ಬೋಲ್ಟಾ? ಹೌದು, ಒಂದೇ. ಆದರೆ ಹೊರುವ ಭಾರದ ಹಲವು ಪಟ್ಟು ತಡೆಯುವ ಹಾಗೆ ಅದನ್ನು ಮಾಡಿರುತ್ತಾರೆ. ಅದರ ನಟ್ಟಿಗೆ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಇರುತ್ತದೆ. ಜೊತೆಗೆ ರೆಕ್ಕೆಯ ನಡುಪೈಪನ್ನು ಬಳಸಿ ಬರುವ ಬೇರೆಯದೇ ಒಂದು ಉಕ್ಕಿನ ಕೇಬಲ್ ಕಾವಲಿಗೆ ಇರುತ್ತದೆ. ನಾನು ಆ ಪಿನ್ನನ್ನು ನೋಡದೆ ಸೀಟಿನಲ್ಲಿ ಕೂತದ್ದೇ ಇಲ್ಲ.

ತಪಾಸಣೆಗೆ ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ಪರವಾಗಿ ಬರುವ ಅಧಿಕಾರಿಯನ್ನು ಡಿಎಆರ್ ಅನ್ನುತ್ತಾರೆ. ನಮಗೆ ಸಿಕ್ಕವರು ಸಮಾಧಾನದ ಮನುಷ್ಯ. ಮೊದಲು ಕಾಗದಪತ್ರ ನೋಡಿದರು. ನೋಂದಣಿ, ಅರ್ಧಕ್ಕಿಂತ ಹೆಚ್ಚು ನಾನೇ ಕಟ್ಟಿದ್ದೇನೆ ಅನ್ನುವ ಹೇಳಿಕೆ, ತೂಕದ ಲೆಕ್ಕ, ಆಮೇಲೆ ನನ್ನ ಪುಸ್ತಕ. ನಂತರ ಟಾರ್ಚ್ ಹಿಡಿದು ಬೋಲ್ಟುಗಳನ್ನು ಒಂದೊಂದಾಗಿ ನೋಡಿದರು. ಲಾಕ್‌ವೈರ್ ನೋಡಿ ಯಾರು ಹಾಕಿದ್ದು ಅಂತ ಕೇಳಿದರು. ಮಾವನವರ ಕಡೆ ಕೈ ತೋರಿಸಿದೆ. ಇಬ್ಬರೂ ಕೈ ಕುಲುಕಿದರು. ಯಂತ್ರದ ಮೇಲೆ 'ಎಕ್ಸ್‌ಪೆರಿಮೆಂಟಲ್' ಅನ್ನುವ ಪದ ಕನಿಷ್ಠ 2 ಇಂಚು ಎತ್ತರದ ಅಕ್ಷರದಲ್ಲಿ ಇರಬೇಕು. ಹಿಂದೆ ಕೂರುವವರ ಕಣ್ಣಿಗೆ ಬೀಳುವ ಹಾಗೆ ಇನ್ನೊಂದು ಫಲಕವೂ ಬೇಕು. ಇದು ಹವ್ಯಾಸಿ ಕಟ್ಟಿದ್ದು, ಸಾಮಾನ್ಯ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಒಳಪಟ್ಟಿಲ್ಲ ಅಂತ ಅದರಲ್ಲಿ ಬರೆದಿರುತ್ತದೆ. ನನ್ನ ಹೆಂಡತಿ ಅದನ್ನು ಎರಡು ಸಲ ಓದಿದಳು. "ರೀ, ಇದನ್ನ ಓದಿದ್ಮೇಲೂ ನಾನೇ ಮೊದಲು ಕೂರೋದು" ಅಂದಳು.

ಆದರೆ ಅವಳು ಕಾಯಬೇಕಾಯಿತು. ಮೊದಲ ಹಂತದ ಪರೀಕ್ಷಾ ಹಾರಾಟದಲ್ಲಿ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಸರ್ಟಿಫೈ ಆಗದ ಎಂಜಿನ್ ಇದ್ದುದರಿಂದ ನಮಗೆ ಕೊಟ್ಟದ್ದು 40 ಗಂಟೆ, ಅದೂ ಗೊತ್ತುಮಾಡಿದ ವಲಯದೊಳಗೆ. ಇದನ್ನು ಶಿಕ್ಷೆಯ ಹಾಗೆ ಕಳೆಯುವವರಿದ್ದಾರೆ. ದೂರ ಹೋಗುವವನಿಗೆ ಇದೇ ಬಂಡವಾಳ. ಯಾವ ವೇಗದಲ್ಲಿ ಎಷ್ಟು ಪೆಟ್ರೋಲ್ ಖರ್ಚು, ಎಷ್ಟು ಭಾರಕ್ಕೆ ಎಷ್ಟು ರನ್‌ವೇ, ಬೆಳಿಗ್ಗೆ ಎಷ್ಟು ಬೇಗ ಮೇಲೇರುತ್ತದೆ, ಬಿಸಿ ಏರಿದ ಮೇಲೆ ಎಷ್ಟು, ಎಲ್ಲವನ್ನೂ ಬರೆದುಕೊಂಡೆ. ಹಿಂದಿನ ಸೀಟಿಗೆ ಮರಳಿನ ಮೂಟೆ ಕಟ್ಟಿ, ಸ್ವಲ್ಪ ಸ್ವಲ್ಪವೇ ತೂಕ ಏರಿಸುತ್ತಾ ಹೋದೆ. ಟ್ರೈಕ್‌ನಲ್ಲಿ ಇದೊಂದು ಅನುಕೂಲ. ರೆಕ್ಕೆಗೆ ಭಾರ ತಾಗುವುದು ಒಂದೇ ಬಿಂದುವಿನಲ್ಲಿ. ಹಿಂದೆ ತೂಕ ಕೂತರೆ ಗಾಡಿಯ ಮೂಗು ಸ್ವಲ್ಪ ಎತ್ತುತ್ತದೆ ಹೊರತು ರೆಕ್ಕೆಯ ಸಮತೋಲ ಹೆಚ್ಚು ಕೆಡುವುದಿಲ್ಲ. ಆದರೆ ಏರುವ ಶಕ್ತಿ ಇಳಿಯುತ್ತದೆ, ಇಳಿಯುವಾಗ ವೇಗ ಜಾಸ್ತಿ ಇಟ್ಟುಕೊಳ್ಳಬೇಕು.

ಇಬ್ಬರೂ ಕೂತು ಮಾಡಿದ ಮೊದಲ ದೂರದ ಪ್ರಯಾಣ ಫೆಬ್ರವರಿ ಕೊನೆಯಲ್ಲಿ. ಟ್ರೇಸಿ ಪಕ್ಕದ ಬೈರನ್ ಏರ್‌ಪೋರ್ಟಿನಿಂದ ದಕ್ಷಿಣಕ್ಕೆ, ಹೋಟೆಲ್ ಪಕ್ಕದಲ್ಲೇ ರನ್‌ವೇ ಇರುವ ಹ್ಯಾರಿಸ್ ರಾಂಚ್‌ಗೆ, ಸುಮಾರು 215 ಕಿಲೋಮೀಟರ್. ನಡುವೆ ಲಾಸ್ ಬಾನೋಸ್‌ನಲ್ಲಿ ನಿಲುಗಡೆ. ಫೆಬ್ರವರಿಯಲ್ಲಿ ನಮ್ಮ ಈ ಸ್ಯಾನ್ ವಾಕೀನ್ ಕಣಿವೆಯಲ್ಲಿ ಎರಡು ವಿಷಯ ನೆನಪಿಡಬೇಕು. ಒಂದು, ನೆಲಕ್ಕೆ ಅಂಟಿಕೊಂಡು ಕೂರುವ ದಟ್ಟ ಮಂಜು. ಇನ್ನೊಂದು, ಬಾದಾಮಿ ತೋಟಗಳ ಹೂವು. ಮಂಜು ಇಲ್ಲದ ದಿನಕ್ಕೆ ಕಾದು ಹೊರಟೆವು.

ತೆರೆದ ಸೀಟಿನಲ್ಲಿ ಗಂಟೆಗೆ 100 ಕಿಲೋಮೀಟರ್ ಗಾಳಿ ಅಂದರೆ ಚಳಿ ಮೂಳೆಗೆ ಇಳಿಯುತ್ತದೆ. ಎಂಜಿನ್ನಿನ ಜನರೇಟರ್‌ನಿಂದ ಕರೆಂಟು ಎಳೆದು ಬಿಸಿಯಾಗುವ ಜಾಕೆಟ್ಟಿಗೆ ಕೊಡುವ ಎರಡು ಪ್ಲಗ್ಗುಗಳನ್ನು ಕಟ್ಟುವಾಗಲೇ ಹಾಕಿದ್ದೆ. ಅದಿಲ್ಲದಿದ್ದರೆ ಹಿಂದೆ ಕೂತವರಿಗೆ ಅರ್ಧ ಗಂಟೆಯಲ್ಲೇ ಸಾಕಪ್ಪಾ ಅನ್ನಿಸುತ್ತದೆ. ಅವಳ ಕೈಗವಸಿನ ದಾರ, ಕ್ಯಾಮೆರಾದ ದಾರ, ಹೆಲ್ಮೆಟ್ಟಿನ ಬಕಲ್, ಎಲ್ಲವನ್ನೂ ಎಳೆದು ನೋಡಿ ಹೊರಟೆ.

ಬೈರನ್ ಪಕ್ಕದಲ್ಲೇ ಕ್ಲಿಫ್ಟನ್ ಕೋರ್ಟ್ ಅನ್ನುವ ಜಲಾಶಯ ಇದೆ. ಕ್ಯಾಲಿಫೋರ್ನಿಯಾ ಅಕ್ವಡಕ್ಟ್ ಅನ್ನುವ ದೊಡ್ಡ ಕಾಲುವೆಗೆ ನೀರು ಸಿಗುವುದು ಅಲ್ಲಿಂದ. ಅದು 700 ಕಿಲೋಮೀಟರ್‌ಗಿಂತ ಉದ್ದ. ನಾನು ಮಂಡ್ಯದವನು, ವಿ.ಸಿ. ನಾಲೆಯ ಏರಿಯ ಮೇಲೆ ಸೈಕಲ್ ಹೊಡೆದವನು. ನಾಲೆ ಹಿಡಿದು ಹೋದರೆ ಊರು ಸಿಕ್ಕೇ ಸಿಗುತ್ತದೆ ಅನ್ನುವ ಧೈರ್ಯ ಇಲ್ಲೂ ಇತ್ತು. ಎಡಕ್ಕೆ ಕಾಲುವೆ, ಹೆದ್ದಾರಿ 5. ಬಲಕ್ಕೆ ಮಳೆಗೆ ಹಸಿರಾದ ಗುಡ್ಡಗಳು. ಪೂರ್ವಕ್ಕೆ ಮೈಲಿಗಟ್ಟಲೆ ಬಾದಾಮಿ ತೋಟ, ಬಿಳಿ ಸಾಲು ಸಾಲು. ಸಾವಿರ ಅಡಿ ಎತ್ತರದಲ್ಲೂ ಹೂವಿನ ವಾಸನೆ ಬರುತ್ತಿದೆ ಅಂತ ಅವಳು ಇಂಟರ್‌ಕಾಮ್‌ನಲ್ಲಿ ಹೇಳಿದಳು. ನನಗೂ ಬಂತು. ಕಿಟಕಿ ಇರುವ ವಿಮಾನದಲ್ಲಿ ಇದು ಎಲ್ಲಿ ಸಿಗಬೇಕು?

ಲಾಸ್ ಬಾನೋಸ್‌ನಲ್ಲಿ ಇಳಿದು ಕಾಲು ಜಾಡಿಸಿ, ಚಪಾತಿ ಸುರುಳಿ ತಿಂದು, ಪೆಟ್ರೋಲ್ ತುಂಬಿಸಿದೆವು. ಇಲ್ಲಿ ಸಿಕ್ಕದ್ದು ಸೀಸ ಬೆರೆಸಿದ ಏವಿಯೇಷನ್ ಪೆಟ್ರೋಲ್ ಮಾತ್ರ. 912ಕ್ಕೆ ಕಾರಿನ ಪೆಟ್ರೋಲೇ ಒಳ್ಳೆಯದು. ಸೀಸದ್ದನ್ನು ಹಾಕಿದರೂ ಓಡುತ್ತದೆ, ಆದರೆ ಅದೇ ಜಾಸ್ತಿ ಬಳಕೆಯಾದರೆ ಎಂಜಿನ್ ಆಯಿಲ್ ಬೇಗ ಬದಲಾಯಿಸಬೇಕು. ದೂರ ಹೋಗುವವರು ಈ ಲೆಕ್ಕ ಇಟ್ಟುಕೊಳ್ಳಲೇಬೇಕು.

ಮುಂದಿನ ಹಾದಿಯಲ್ಲಿ ಪೂರ್ವಕ್ಕೆ ನೌಕಾಪಡೆಯ ಲೆಮೂರ್ ನೆಲೆ ಇದೆ. ಅದರ ಜೆಟ್‌ಗಳ ದಾರಿಗೆ ಅಡ್ಡ ಬರಬಾರದು ಅಂತ ಹೆದ್ದಾರಿಯ ಪಶ್ಚಿಮಕ್ಕೇ ಹಾರಿದೆ. ಕೊಲಿಂಗಾ ಹತ್ತಿರ ಬಂದಂತೆ ಹೆದ್ದಾರಿ ಪಕ್ಕದ ದೊಡ್ಡ ದನದ ಕೊಟ್ಟಿಗೆಗಳ ವಾಸನೆ ಮೂಗಿಗೆ ಬಡಿಯಿತು. ಗಾಳಿ ಯಾವ ಕಡೆಯಿಂದ ಅಂತ ಗೊತ್ತಾಗಲು ಅದೂ ಒಂದು ಗುರುತು. ಹ್ಯಾರಿಸ್ ರಾಂಚ್ ರನ್‌ವೇ ಅಗಲ ಬರೀ 30 ಅಡಿ, ಅಂದರೆ 9 ಮೀಟರ್. ನಮ್ಮ ರೆಕ್ಕೆ ಅದಕ್ಕಿಂತ ಅಗಲ. ರೆಕ್ಕೆ ತಲೆಯ ಮೇಲೆ ಎತ್ತರದಲ್ಲಿರುವುದರಿಂದ ತೊಂದರೆ ಇಲ್ಲ, ಗಾಲಿಗಳು ನಡುಗೆರೆಯ ಮೇಲೆ ಇದ್ದರೆ ಸಾಕು. ಕಣ್ಣನ್ನು ರನ್‌ವೇಯ ಆಚೆ ತುದಿಗೆ ನೆಟ್ಟು, ವೇಗ ಕಾಯ್ದುಕೊಂಡು ಬಂದು, ಕೊನೆಯಲ್ಲಿ ಸರಳನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದೆ. ಹಿಂದಿನ ಗಾಲಿಗಳು ನೆಲ ಮುಟ್ಟಿದ್ದು ಸದ್ದಿಲ್ಲದೆ. ಪಕ್ಕದಲ್ಲೇ ಹೋಟೆಲ್ಲು, ನಡೆದೇ ಹೋಗಬಹುದು. ಅದಕ್ಕೂ ಮೊದಲು ರೆಕ್ಕೆಯನ್ನು ಗಾಳಿಯ ಕಡೆಗೆ ಬಾಗಿಸಿ, ಮೂಗು ಇಳಿಸಿ, ಅಡ್ಡ ಸರಳನ್ನು ಅಲುಗದ ಹಾಗೆ ಕಟ್ಟಿ, ಎರಡು ತುದಿಗೂ ಹಗ್ಗ ಬಿಗಿದೆ. ಕಟ್ಟದ ಟ್ರೈಕ್ ರಾತ್ರಿ ಗಾಳಿಗೆ ಮಗುಚುತ್ತದೆ.

ಬೆಳಿಗ್ಗೆ ಆಯಿಲ್ ನೋಡಲು ಪ್ರೊಪೆಲ್ಲರ್‌ನ್ನು ಕೈಯಲ್ಲಿ ತಿರುಗಿಸಬೇಕು. 912ರಲ್ಲಿ ಆಯಿಲ್ ಟ್ಯಾಂಕ್ ಎಂಜಿನ್ನಿನ ಹೊರಗಿರುತ್ತದೆ. ರಾತ್ರಿ ಎಂಜಿನ್ನಿಗೆ ಇಳಿದ ಆಯಿಲ್ ವಾಪಸ್ ಟ್ಯಾಂಕಿಗೆ ಬರುವವರೆಗೆ ನಿಧಾನಕ್ಕೆ ತಿರುಗಿಸುತ್ತಲೇ ಇರಬೇಕು. ಟ್ಯಾಂಕಿನ ಬಾಯಿಂದ ಗುಳುಗುಳು ಅಂತ ಸದ್ದು ಬಂದರೆ ಎಲ್ಲ ಬಂತು ಅಂತ ಲೆಕ್ಕ. ಆಮೇಲೆ ಕಡ್ಡಿ ಅದ್ದಿ ಅಳತೆ ನೋಡುವುದು.

ವಾಪಸ್ ಬರುವಾಗ ವಾಯವ್ಯದ ಎದುರುಗಾಳಿ. ನೆಲದ ಮೇಲಿನ ನಮ್ಮ ವೇಗ ಗಂಟೆಗೆ 70 ಕಿಲೋಮೀಟರ್‌ಗೆ ಇಳಿಯಿತು. ಕೆಳಗೆ ಲಾರಿಗಳು ನಮ್ಮನ್ನು ಹಿಂದೆ ಹಾಕಿ ಹೋದವು. ಪೆಟ್ರೋಲ್ ಲೆಕ್ಕ ಸರಿಯಾಗೇ ಇತ್ತು. ಆದರೆ ಲಾಸ್ ಬಾನೋಸ್ ಹತ್ತಿರ ಸ್ಯಾನ್ ಲೂಯಿಸ್ ಅಣೆಕಟ್ಟಿನ ಕೆಳಗಿನ ಓ'ನೀಲ್ ಫೋರ್‌ಬೇ ಅನ್ನುವ ಜಲಾಶಯ ಕಾಣಿಸಿತು. ನೀರಿನ ತುಂಬ ಬಿಳಿ ನೊರೆಯ ಪಟ್ಟೆಗಳು, ಪಶ್ಚಿಮದಿಂದ ಪೂರ್ವಕ್ಕೆ ಎಳೆದ ಹಾಗೆ. ಪಶ್ಚಿಮದ ಗುಡ್ಡಗಳ ನಡುವಿನ ಪಚೆಕೊ ಕಣಿವೆಯ ಗಾಳಿ ಎದ್ದಿದೆ ಅಂತ ಅರ್ಥ. ವಿಂಡ್‌ಸರ್ಫಿಂಗ್ ಮಾಡುವವರು ಆ ನೀರಿಗೆ ಬರುವುದೇ ಈ ಗಾಳಿಗಾಗಿ. ಬೈರನ್‌ವರೆಗೆ ಹೋಗುವಷ್ಟು ಪೆಟ್ರೋಲ್ ಇದ್ದರೂ ಲಾಸ್ ಬಾನೋಸ್‌ನಲ್ಲೇ ಇಳಿದುಬಿಟ್ಟೆ. "ಮುಂದೆ ಹೋಗಲ್ವಾ?" ಅಂತ ಕೇಳಿದಳು. ನೀರಿನ ಕಡೆ ಕೈ ತೋರಿಸಿದೆ. ಊರಲ್ಲೇ ರೂಮು ಮಾಡಿ ಮಾರನೇ ದಿನ ಬೆಳಕು ಹರಿದಾಗ ಹೊರಟೆವು. ಟ್ರೈಕ್‌ಗೆ ಹೆದರಬೇಕಾದ್ದು ಎತ್ತರಕ್ಕಲ್ಲ, ಇಂಥ ಕೆದರಿದ ಗಾಳಿಗೆ. ರೆಕ್ಕೆ ಭಾರ ಹೊತ್ತಿರುವವರೆಗೆ ಎಲ್ಲವೂ ಸರಿ. ಗಾಳಿಯ ಹೊಡೆತಕ್ಕೆ ಆ ಭಾರ ತಪ್ಪಿ ಯಂತ್ರ ಪಲ್ಟಿ ಹೊಡೆದರೆ ಪೈಲಟ್ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಮುಂದಿನ ಯೋಜನೆ ಉತ್ತರಕ್ಕೆ, ಸ್ಯಾಕ್ರಮೆಂಟೊ ಕಣಿವೆ ಹಿಡಿದು ರೆಡ್ಡಿಂಗ್‌ವರೆಗೆ. ಕಟ್ಟಿದವನು ನಾನೇ ಆದ್ದರಿಂದ ಎಫ್‌ಎಎ ನನಗೆ ರಿಪೇರ್‌ಮನ್ ಸರ್ಟಿಫಿಕೇಟ್ ಕೊಟ್ಟಿದೆ. 12 ತಿಂಗಳಿಗೊಮ್ಮೆ ಮಾಡುವ ಪೂರ್ತಿ ತಪಾಸಣೆಗೆ ನಾನೇ ಸಹಿ ಹಾಕಬಹುದು. ಈ ಸಲದ ತಪಾಸಣೆ ಶುರುವಾಗಿದೆ. ರೆಕ್ಕೆ ಬಿಚ್ಚಿ ಬ್ಯಾಟನ್‌ಗಳನ್ನು ಮತ್ತೆ ಕಾಗದದ ಮೇಲೆ ಇಟ್ಟು ನೋಡುತ್ತಿದ್ದೇನೆ. ಎಡಗಡೆಯ ಮೂರನೆಯದು ಸ್ವಲ್ಪ ಚಪ್ಪಟೆಯಾಗಿದೆ, ಅದನ್ನು ಇವತ್ತು ರಾತ್ರಿ ಸರಿ ಮಾಡಬೇಕು.